ಎರಡನೇ ಸಲ ಕೇಳದ ಕಾರ್ಡು

"ಅಲ್ಲಾ, ಇಷ್ಟು ದುಡ್ಡು ಸುರಿಯೋಕೆ ಇದರಲ್ಲಿ ಅಂಥಾದ್ದೇನಿದೆ?"

ಬಿಸಿಗಾಳಿ ಅಂತ ಅಡ್ಡಹೆಸರಿನ ರಿಪೇರಿಯವನು ಕೇಳಿದ್ದು ನನ್ನನ್ನಲ್ಲ. ಬಾಗಿಲಿಗೆ ಅಡ್ಡ ನಿಂತಿದ್ದ ತನ್ನ ಆಳು ಗೂಳಿಯನ್ನೂ ಅಲ್ಲ. ಕಿಟಕಿಯ ಕಡೆ ಮುಖ ಮಾಡಿ ಯಾರಿಗೂ ಅಲ್ಲದ ಹಾಗೆ ಕೇಳಿದ.

ಅವನ ಎಡಗೈಯಲ್ಲಿ ಕಂಪ್ಯೂಟರಿಗೆ ಚಿತ್ರ ಮೂಡಿಸಿಕೊಡುವ ಒಂದು ಗ್ರಾಫಿಕ್ಸ್ ಕಾರ್ಡು. ಮೂರು ಫ್ಯಾನಿನದು, ಇಟ್ಟಿಗೆಯಷ್ಟು ದಪ್ಪ. ಎಳೆಗೂಸನ್ನು ಹಿಡಿದ ಹಾಗೆ ಹಿಡಿದಿದ್ದ. ಬಲಗೈಯಲ್ಲಿ ಬೆಸುಗೆ ಬಿಡಿಸುವ ಹಾಟ್ ಏರ್ ಗನ್. ಅದರ ಮೂತಿ ನನ್ನ ಎಡಗಿವಿಯಿಂದ ಒಂದು ಗೇಣು ದೂರದಲ್ಲಿತ್ತು.

ಮೇಜಿನ ಮೇಲಿನ ಮೀಟರು ನಾನೂರು ಡಿಗ್ರಿ ತೋರಿಸುತ್ತಿತ್ತು.

ನನ್ನ ಕೈಗಳನ್ನು ಕುರ್ಚಿಯ ಬೆನ್ನಿಗೆ ಪ್ಲಾಸ್ಟಿಕ್ಕಿನ ಕೇಬಲ್ ಟೈ ಹಾಕಿ ಬಿಗಿದಿದ್ದರು. ಹೊರಗೆ ಹನ್ನೊಂದು ಗಂಟೆಯ ಬಿಸಿಲು. ಕೆಳಗೆ ಬೀದಿಯಲ್ಲಿ ಯಾರೋ ಚಾರ್ಜರಿಗೆ ಚೌಕಾಸಿ ಮಾಡುತ್ತಿದ್ದರು. ಮೂರನೇ ಮಹಡಿಯಲ್ಲಿ ಒಬ್ಬನ ಕಿವಿ ಬೇಯಲಿದೆ ಅಂತ ಅವರಿಗೇನು ಗೊತ್ತು...

ನನ್ನ ಹೆಸರು ಬಿಡಿ. ಈ ಕಂಪ್ಯೂಟರ್ ಅಂಗಡಿಗಳ ಬೀದಿಯಲ್ಲಿ ಎಲ್ಲರೂ ಕರೆಯುವುದು ಕಿವಿ ಅಂತ.

ಸೆಕೆಂಡ್ ಹ್ಯಾಂಡ್ ಕಾರ್ಡು ಕೈ ಬದಲಾಗುವ ಮುಂಚೆ ಇಲ್ಲಿ ನನ್ನನ್ನು ಕರೆಸುತ್ತಾರೆ. ಕಾರ್ಡನ್ನು ಮಷೀನಿಗೆ ಹಾಕಿ ಪೂರ್ತಿ ಲೋಡು ಕೊಟ್ಟು ದುಡಿಸುತ್ತಾರೆ. ನಾನು ಕಣ್ಣು ಮುಚ್ಚಿ ಬಗ್ಗಿ ಕಿವಿ ಇಡುತ್ತೇನೆ. ಮೂರು ನಿಮಿಷ. ಲೋಡು ಬಿದ್ದ ಕಾರ್ಡಿನ ಕಾಯಿಲುಗಳು, ಅಂದರೆ ತಂತಿಯ ಸುರುಳಿಗಳು, ಸಣ್ಣಗೆ ಕುಂಯ್ ಎನ್ನುತ್ತವೆ. ಒಂದೊಂದರದು ಒಂದೊಂದು ಶ್ರುತಿ, ಒಂದೊಂದು ನಡೆ. ಚಿಕ್ಕಂದಿನಲ್ಲಿ ಅಜ್ಜಿ ಪದ್ಯ ಓದುವಾಗ ಅವಳ ಮಡಿಲಲ್ಲಿ ಮಲಗಿ ಕೇಳಿ ಬೆಳೆದವನು ನಾನು. ಒಂದು ಮಾತ್ರೆ ತಪ್ಪಿದರೂ ನಿದ್ದೆಯಲ್ಲೇ ಎಚ್ಚರವಾಗುತ್ತಿತ್ತು. ಆ ಕಿವಿಯೇ ಈಗ ನನಗೆ ಅನ್ನ ಹಾಕುತ್ತದೆ. ಕಾರ್ಡು ಸರಿಯಿದ್ದರೆ ತಲೆ ಆಡಿಸುತ್ತೇನೆ. ಇಲ್ಲದಿದ್ದರೆ ಎದ್ದು ಹೋಗುತ್ತೇನೆ. ಮಾತಿಲ್ಲ, ಚೀಟಿಯಿಲ್ಲ.

ಒಂದು ಕಟ್ಟಳೆಯಿದೆ. ಒಂದು ಕಾರ್ಡಿಗೆ ಒಂದೇ ಸಲ ಕಿವಿ. ಎರಡನೇ ಸಲ ಬಗ್ಗಿದೆನೋ, ಮೊದಲನೇ ಸಲ ನೆಟ್ಟಗೆ ಕೇಳಲಿಲ್ಲ ಅಂತ ಬೀದಿಯೆಲ್ಲ ಆಡಿಕೊಳ್ಳುತ್ತದೆ.

ಆ ಕಟ್ಟಳೆ ಮಾಡಿದವನೂ ನಾನೇ.

ಬೆಳಿಗ್ಗೆ ಬಿಸಿಗಾಳಿಯೇ ಕರೆಸಿದ್ದ. ಈ ಕಾರ್ಡನ್ನು ಓಪನ್ ಬೆಂಚಿಗೆ, ಅಂದರೆ ಹೊರಗವಚವಿಲ್ಲದ ಮಷೀನಿಗೆ, ಹಾಕಿ ಸ್ವಿಚ್ ಒತ್ತಿದ. ನಾನು ಇನ್ನೂ ಬಗ್ಗಿರಲಿಲ್ಲ. ನಿಂತಲ್ಲೇ ಕೇಳಿಸಿತು.

ಮೂರು, ನಾಲ್ಕು. ಮೂರು, ನಾಲ್ಕು. ಸಾಲಿನ ಕೊನೆಗೆ ಒಂದು ಸಣ್ಣ ಎಳೆತ.

ಈ ದನಿ ನನಗೆ ಗೊತ್ತು. ಹದಿನಾಲ್ಕು ತಿಂಗಳಿಂದ ಇದು ನನ್ನ ಮನೆಯ ಫ್ರಿಜ್ಜಿನೊಳಗಿಂದ ಕೇಳಿಸುತ್ತದೆ. ಲಿಫ್ಟಿನ ಗೋಡೆಯಲ್ಲಿ ಕೇಳಿಸುತ್ತದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ದೇವರಿಗಿಂತ ಮುಂಚೆ ಇದೇ ಬಂದು ಕೂರುತ್ತದೆ.

ಇದು ನಮ್ಮ ಭಾವನ ಕಾರ್ಡು.

ಭಾವ ಎಂದರೆ ಅಕ್ಕನ ಗಂಡ. ಇನ್ನೂ ಕಟ್ಟದ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆಲ್ಲ ಓಡಾಡಿಸಿ ತೋರಿಸುವುದು ಅವರ ಕೆಲಸ. ಒಂದು ಮಧ್ಯಾಹ್ನ ಗಂಟೆಗಟ್ಟಲೆ ಚಿತ್ರ ತಯಾರಾಗುವ ದೊಡ್ಡ ರೆಂಡರ್ ಹಾಕಿ, ಫ್ಯಾನಿನ ಸದ್ದು ಅಕ್ಕನಿಗೆ ತೊಂದರೆಯಾಗದಿರಲಿ ಎಂದು ಬಾಗಿಲು ಹಾಕಿಕೊಂಡು ಪಕ್ಕದಲ್ಲೇ ಮಲಗಿದರು. ಕಾರ್ಡಿಗೆ ಕರೆಂಟು ಹೋಗುವ ಪ್ಲಗ್ಗು ಕರಗಿತು. ಪಕ್ಕದ ಕಿಟಕಿಯ ಪರದೆ ಹೊತ್ತಿತು. ಬೆಂಕಿ ಮೊಳದೆತ್ತರ ಕೂಡ ಏರಲಿಲ್ಲ. ಹೊಗೆಯೇ ಸಾಕಾಯಿತು.

ಸುಟ್ಟ ಸಾಮಾನು ಗುಜರಿಗೆ ಹೋಗಿತ್ತು. ಹೋಗಿ ಮುಗಿಯಿತು ಅಂದುಕೊಂಡಿದ್ದೆ.

ಕಾರ್ಡನ್ನು ತಿರುವಿ, ಹೊಸ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿದೆ. ಅಡಿಯಲ್ಲಿ ಮಸಿ.

"ಇದು ಎಲ್ಲಿಂದ ಬಂತು?" ಅಂದೆ.

ಅಷ್ಟೇ. ಗೂಳಿಯ ಅಂಗೈ ನನ್ನ ಕತ್ತಿನ ಮೇಲೆ ಬಿತ್ತು. ಆಮೇಲೆ ಕುರ್ಚಿ, ಕೇಬಲ್ ಟೈ, ನಾನೂರು ಡಿಗ್ರಿ.

"ಈಗ ನಿನ್ನನ್ನೇ ಕೇಳ್ತಿದ್ದೀನಿ ಕಿವಿ," ಬಿಸಿಗಾಳಿ ನನ್ನ ಕಡೆ ತಿರುಗಿದ. "ಲಾಯಕ್ಕಾ ಇದು, ಇಷ್ಟು ಬೆಲೆಗೆ?"

"ಇದರ ಮೂರನೇ ಒಂದು ಭಾಗ ಬೆಲೆಯ ಕಾರ್ಡು ಇದರ ಮುಕ್ಕಾಲು ಕೆಲಸ ಮಾಡುತ್ತೆ."

"ಮತ್ತೆ ಜನ ಯಾಕೆ ಇದಕ್ಕೇ ಸಾಯ್ತಾರೆ?"

"ಉಳಿದ ಕಾಲುಭಾಗ ಯಾರಿಗೋ ಬೇಕಾಗಿರುತ್ತೆ."

"ನಿಮ್ಮ ಭಾವನಿಗೆ ಬೇಕಿತ್ತಾ?"

ಬೇಕಿರಲಿಲ್ಲ. ಭಾವ, ಇದರ ಕೆಳಗಿನದು ಸಾಕು, ದಿನಕ್ಕೆ ಒಂದು ಗಂಟೆ ಜಾಸ್ತಿ ಹಿಡಿಯುತ್ತೆ ಅಷ್ಟೆ ಅಂತ ನಾನೇ ಹೇಳಿದ್ದೆ. ಅವರು ನಕ್ಕಿದ್ದರು. "ಆ ಒಂದು ಗಂಟೆ ನಿಮ್ಮಕ್ಕನ ಜೊತೆ ಕೂತು ಹರಟ್ತೀನಿ ಕಣೋ. ಅದಕ್ಕೆ ಬೆಲೆ ಕಟ್ಟು ನೋಡೋಣ," ಅಂದಿದ್ದರು.

ಕಟ್ಟಲು ಆಗಿರಲಿಲ್ಲ.

"ಹನ್ನೆರಡಕ್ಕೆ ಮೇಷ್ಟ್ರು ಬರ್ತಾರೆ, ಇದನ್ನ ತಗೊಳ್ಳೋಕೆ," ಬಿಸಿಗಾಳಿ ಹೇಳಿದ. "ನೀನು ಕಿವಿ ಇಡ್ತೀಯ. ತಲೆ ಆಡಿಸ್ತೀಯ. ಮನೆಗೆ ಹೋಗ್ತೀಯ."

"ಇದರ ಬೋರ್ಡು ಒಳಗೆ ಸೀಳು ಬಿಟ್ಟಿದೆ. ಮತ್ತೆ ಸುಡುತ್ತೆ."

"ಹೊಸ ಸಾಕೆಟ್ ಹಾಕಿದ್ದೀನಲ್ಲ."

"ಮುರಿದ ಕಾಲಿಗೆ ಹೊಸ ಚಪ್ಪಲಿ ಹಾಕಿದ್ರೆ ನಡೆಯುತ್ತಾ?"

ಗೂಳಿ ಕಿಸಕ್ಕನೆ ನಕ್ಕ. ಬಿಸಿಗಾಳಿ ಅವನ ಕಡೆ ನೋಡಿದ. ನಗು ನಿಂತಿತು.

ಗನ್ನಿನ ಮೂತಿ ನಾಲ್ಕು ಬೆರಳು ಹತ್ತಿರ ಬಂತು. ಕೂದಲು ಸುಟ್ಟ ವಾಸನೆ. ಕಿವಿಯ ಹಾಲೆ ನನ್ನದಲ್ಲವೇನೋ ಅನ್ನುವಷ್ಟು ಉರಿ. ಹಲ್ಲು ಕಚ್ಚಿದೆ.

"ನಾನು ತಲೆ ಆಡಿಸಲ್ಲ."

"ಕಿವಿ ಹೋದ್ರೂ ಪರವಾಗಿಲ್ವಾ?"

"ಇನ್ನೊಂದಿದೆ."

ಬಿಸಿಗಾಳಿ ಗನ್ನನ್ನು ಸ್ಟ್ಯಾಂಡಿಗೆ ಇಟ್ಟ. ಎದುರಿಗೆ ಸ್ಟೂಲು ಎಳೆದು ಕೂತ. ದನಿ ತಗ್ಗಿತು. ಈ ಕಸುಬಿನಲ್ಲಿ ದನಿ ತಗ್ಗಿಸಿದವನಿಗೇ ಹೆದರಬೇಕು.

"ನಿಮ್ಮ ಭಾವ ಇದನ್ನ ತಗೊಂಡ ದಿನ ಎದುರಿನ ಅಂಗಡೀಲಿ ನಾನೂ ಇದ್ದೆ ಕಣಯ್ಯ. ಮೂರನೇ ನಿಮಿಷದಲ್ಲಿ ನಿನ್ನ ಹುಬ್ಬು ಗಂಟಾಯ್ತು. ಎದ್ದೆ. ಮತ್ತೆ ಬಗ್ಗೋಕೆ ಹೋದೆ. ಸುತ್ತ ನೋಡಿದೆ. ಬಗ್ಗಲಿಲ್ಲ. ತಲೆ ಆಡಿಸಿಬಿಟ್ಟೆ."

ಬೀದಿಯ ಸದ್ದೆಲ್ಲ ಎಲ್ಲೋ ಹೋಯಿತು.

"ನಿಮ್ಮಕ್ಕನಿಗೆ ಇದು ಗೊತ್ತಾ, ಕಿವಿ?"

ನಿಮಗೆ ಮುಚ್ಚಿಟ್ಟು ಏನಾಗಬೇಕಿದೆ. ಅವನು ಹೇಳಿದ್ದು ನಿಜ. ಆ ದಿನ ಕುಂಯ್ ದನಿಯ ಅಡಿಯಲ್ಲಿ ಒಂದು ಚಿಟ್ ಕೇಳಿತ್ತು. ಒಣಗಿದ ಎಲೆಯ ಮೇಲೆ ಇರುವೆ ಕಾಲಿಟ್ಟ ಹಾಗೆ. ಕೇಳಿತೋ, ಭ್ರಮೆಯೋ... ಇನ್ನೊಂದು ಸಲ ಬಗ್ಗಿದ್ದರೆ ತಿಳಿಯುತ್ತಿತ್ತು. ಅಂಗಡಿ ತುಂಬ ಜನ. ಎಲ್ಲರ ಕಣ್ಣು ನನ್ನ ಮೇಲೆ. ಭಾವನ ಮುಖದ ತುಂಬ ನಗು.

ನನ್ನ ಕಿವಿಯ ಮರ್ಯಾದೆ ಉಳಿಯಿತು.

"ಏನಂತೀಯ?" ಬಿಸಿಗಾಳಿ ಕೇಳಿದ.

"ಟೈ ಕತ್ತರಿಸು," ಅಂದೆ.

ಹನ್ನೆರಡಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಉಗುರಿನ ಸಂದಿಯಲ್ಲಿ ಇನ್ನೂ ಪೆನ್ಸಿಲಿನ ಕಪ್ಪು. ಕಾರ್ಡನ್ನು ಒಯ್ಯಲು ಬಟ್ಟೆಯ ಚೀಲ, ಅದರೊಳಗೆ ಮಡಚಿದ ಟವೆಲ್ಲು.

"ಇಷ್ಟು ದೊಡ್ಡ ಕಾರ್ಡು ಏನಕ್ಕೆ ಮೇಷ್ಟ್ರೇ?" ಅಂದೆ.

"ನಲವತ್ತು ವರ್ಷ ಮಕ್ಕಳಿಗೆ ನಿಂತ ಕುದುರೆ ಬರೆಯೋದು ಕಲಿಸಿದೆ ಕಣಪ್ಪ. ಈಗ ಕಂಪ್ಯೂಟರಲ್ಲಿ ಒಂದಾದ್ರೂ ಓಡಲಿ ಅಂತ ಆಸೆ."

"ಚಿಕ್ಕ ಕಾರ್ಡಲ್ಲೂ ಓಡುತ್ತೆ."

"ಚಿಕ್ಕದರಲ್ಲಿ ಕುಂಟುತ್ತಂತೆ." ಅವರು ನಕ್ಕರು. "ನನ್ನ ಮಂಡಿ ಕುಂಟೋದೇ ಸಾಕು."

"ಮಷೀನು ಎಲ್ಲಿಡ್ತೀರಿ?"

"ಇರೋದೇ ಒಂದು ಕೋಣೆ. ಮಂಚದ ತಲೆದೆಸೇಲಿ. ಸದ್ದಾಗುತ್ತೆ ಅಂತಾರೆ. ಆಗಲಿ ಬಿಡು, ಒಬ್ಬನೇ ಇರೋನಿಗೆ ಅದೂ ಒಂದು ಜೊತೆ."

ಬಿಸಿಗಾಳಿ ಗಡಿಯಾರ ನೋಡಿಕೊಂಡ. ಗೂಳಿ ನನ್ನ ಹಿಂದೆ ಬಂದು ನಿಂತ. ಪಕ್ಕೆಲುಬಿನ ಸಂದಿಯಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿತು.

ಮಷೀನು ಶುರುವಾಯಿತು. ಕಣ್ಣು ಮುಚ್ಚಿ ಬಗ್ಗಿದೆ.

ಮೂರು, ನಾಲ್ಕು. ಮೂರು, ನಾಲ್ಕು.

ಒಂದನೇ ನಿಮಿಷ. ಮುಚ್ಚಿದ ಬಾಗಿಲು ಕಂಡಿತು.

ಎರಡನೇ ನಿಮಿಷ. ಫ್ಯಾನುಗಳ ಗಾಳಿಯಲ್ಲಿ ಯಾರೋ ನಿದ್ದೆಯಲ್ಲಿ ಉಸಿರಾಡುತ್ತಿದ್ದರು. ನಿಧಾನವಾಗಿ, ನೆಮ್ಮದಿಯಿಂದ. ಅದು ಯಾರ ಉಸಿರು ಅಂತ ನನಗೆ ಗೊತ್ತಿತ್ತು. ಎದ್ದೇಳಿ ಭಾವ ಅಂತ ತುಟಿಯಲ್ಲೇ ಅಂದೆ.

ಮೂರನೇ ನಿಮಿಷ.

ಚಿಟ್.

ಎದ್ದು ನಿಂತೆ. ಬಿಸಿಗಾಳಿ ನನ್ನ ತಲೆಯನ್ನೇ ನೋಡುತ್ತಿದ್ದ. ಮೇಷ್ಟ್ರು ಬಟ್ಟೆಯ ಚೀಲದ ಬಾಯಿ ಬಿಡಿಸಿ ಹಿಡಿದಿದ್ದರು.

ನಾನು ಎರಡನೇ ಸಲ ಬಗ್ಗಿದೆ.

ಗೂಳಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಈ ಬೀದಿಯಲ್ಲಿ ಯಾರೂ ಕಾಣದ ನೋಟ ಅದು.

"ಏನಪ್ಪಾ, ಎರಡೆರಡು ಸಲ?" ಮೇಷ್ಟ್ರು ಕೇಳಿದರು.

"ಈ ಪ್ಲಗ್ಗಿನ ಮೇಲೆ ಬೆರಳಿಡಿ ಮೇಷ್ಟ್ರೇ."

ಅವರು ಇಟ್ಟರು. ಚಟ್ಟನೆ ಕೈ ಎಳೆದುಕೊಂಡರು.

"ಕಾದ ಕಬ್ಬಿಣ ಇದ್ದ ಹಾಗಿದೆ!"

"ಇದು ಒಬ್ಬರನ್ನ ಕೊಂದಿದೆ. ಮನೆಗೆ ಹೋಗಿ. ತಿರುಗಿ ನೋಡಬೇಡಿ."

ಸ್ಕ್ರೂಡ್ರೈವರು ನುಗ್ಗುವ ಮುಂಚೆ ಮೈ ತಿರುಗಿಸಿದೆ. ಅಂಗಿಯ ಜೊತೆ ಸ್ವಲ್ಪ ಚರ್ಮ ಹೋಯಿತು. ಓಪನ್ ಬೆಂಚು, ಸ್ಕ್ರೂ ಹಾಕಿರಲಿಲ್ಲ. ಪ್ಲಗ್ಗು ಕಿತ್ತೆ. ಅಂಗೈ ಚುರ್ ಎಂದಿತು. ಕಾರ್ಡನ್ನು ಎಳೆದು ಅದೇ ಬೀಸಿನಲ್ಲಿ ಗೂಳಿಯ ಮೂಗಿಗೆ ಇಳಿಸಿದೆ.

ಫ್ಲ್ಯಾಗ್‌ಶಿಪ್ ಕಾರ್ಡು, ಅಂದರೆ ಕಂಪನಿಯ ಅತಿ ದುಬಾರಿಯದು, ಎರಡು ಕಿಲೋ ತೂಗುತ್ತದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಅಂತ ನನಗೆ ಅನ್ನಿಸಿದ್ದು ಅದೊಂದೇ ಸಲ.

ಕಾರ್ಡು ಕಂಕುಳಲ್ಲಿ. ಮೆಟ್ಟಿಲು. ಮೂರನೇ ಮಹಡಿ... ಎರಡನೇ ಮಹಡಿ... ಮೇಷ್ಟ್ರು ನನಗಿಂತ ಮುಂದೆ ಇಳಿಯುತ್ತಿದ್ದರು. ಕುಂಟುವ ಮಂಡಿ ಅಂದಿದ್ದರಲ್ಲ, ಭಯಕ್ಕೆ ಮಂಡಿ ನೋವು ಗೊತ್ತಾಗುವುದಿಲ್ಲ. ಗೂಳಿ ಅವರ ಹಿಂದೆ ಬೀಳಬಾರದು. ಬೇಕೆಂದೇ ಅವನಿಗೆ ಕಾಣಿಸಿಕೊಂಡು, ಮಾನಿಟರ್ ಪೆಟ್ಟಿಗೆಗಳ ಗೋದಾಮಿಗೆ ನುಗ್ಗಿದೆ.

ಒಳಗೆ ಕಿಟಕಿಯಿಲ್ಲ. ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಎರಡು ಸಾಲಿನ ನಡುವೆ ಉಸಿರು ಹಿಡಿದು ಕೂತೆ.

ಗೂಳಿ ಒಳಗೆ ಬಂದ. ಸ್ವಿಚ್ಚಿಗೆ ತಡಕಾಡಿದ. ಸಿಗಲಿಲ್ಲ.

"ಬಾರೋ ಹೊರಗೆ. ಮೂಗು ಮುರಿದೆಯಲ್ಲೋ..."

ಮುರಿದ ಮೂಗು ಸೀಟಿ ಹೊಡೆಯುತ್ತಿತ್ತು. ಎಡಗಾಲಿನ ಶೂ ಕಿರ್ ಎನ್ನುತ್ತಿತ್ತು. ನನಗೆ ಅಷ್ಟು ಸಾಕು. ಕಿರ್ ಮೊದಲನೇ ಸಾಲಿನಲ್ಲಿ. ಕಿರ್ ಎರಡನೆಯದರಲ್ಲಿ. ನನ್ನ ಬೆನ್ನ ಹಿಂದಿನ ಪೆಟ್ಟಿಗೆಗೆ ಅವನ ತೋಳು ಉಜ್ಜಿತು. ನಾನು ಕದಲಲಿಲ್ಲ. ಸೀಟಿ ದೂರವಾಯಿತು. ಗೋಡೆಗೆ ಕೈ ತಾಗಿ ಅವನು ತಿರುಗುವಷ್ಟರಲ್ಲಿ ನಾನು ಹೊರಗಿದ್ದೆ. ಶಟರ್ ಎಳೆದೆ. ಚಿಲಕ ಜಡಿದೆ.

ಒಳಗಿನಿಂದ ಗುದ್ದಿದ. ಗುದ್ದಿಕೊಳ್ಳಲಿ. ಗೂಳಿಯ ಕೆಲಸವೇ ಅದು.

ಬೀದಿಗೆ ಬಂದಾಗ ಮೇಲಿನ ಕಿಟಕಿಯಿಂದ ಬಿಸಿಗಾಳಿಯ ತಲೆ ಹೊರಬಂತು. ಅವನು ಕೂಗಾಡಲಿಲ್ಲ. ಮೊಬೈಲನ್ನು ಎತ್ತಿ ತೋರಿಸಿದ, ಅಷ್ಟೆ.

ಅರ್ಥವಾಯಿತು. ನಾನು ತಲುಪುವ ಮೊದಲು ಅವನ ಫೋನು ಅಕ್ಕನನ್ನು ತಲುಪುತ್ತದೆ.

ಹೊರಡುತ್ತಿದ್ದ ಬಸ್ಸಿಗೆ ನೇತುಬಿದ್ದೆ. ಹಿಂದಿನ ಸೀಟಿನಲ್ಲಿ ಕೂತು, ಎದುರು ಸೀಟಿನ ಕಂಬಿಗೆ ಒತ್ತಿ ಕಾರ್ಡಿನ ಚಿನ್ನದ ಹಲ್ಲುಗಳ ಪಟ್ಟಿಯನ್ನು ಲಟಕ್ಕನೆ ಮುರಿದೆ. ಇನ್ನು ಇದು ಯಾವ ಮಷೀನಿಗೂ ಕೂರುವುದಿಲ್ಲ. ಇನ್ನು ಯಾರ ತಲೆದೆಸೆಯಲ್ಲೂ ಇರುವುದಿಲ್ಲ.

ತೊಡೆಯ ಮೇಲೆ ಸತ್ತು ಬಿದ್ದಿತ್ತು.

ಆದರೂ ಕೇಳಿಸುತ್ತಿತ್ತು. ಮೂರು, ನಾಲ್ಕು. ಮೂರು, ನಾಲ್ಕು.

ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ. "ಏನಾದ್ರೂ ಸದ್ದು ಬರ್ತಿದೆಯಾ ಇದರಿಂದ?"

ಅವಳು ನನ್ನ ಸುಟ್ಟ ಅಂಗೈ ನೋಡಿದಳು, ರಕ್ತದ ಅಂಗಿ ನೋಡಿದಳು. ಎದ್ದು ಮುಂದಿನ ಸೀಟಿಗೆ ಹೋದಳು.

ಅಕ್ಕನ ಬಾಗಿಲು ತೆರೆದೇ ಇತ್ತು. ಅವಳು ಬಟ್ಟೆ ಆಲ್ಟರೇಷನ್ ಮಾಡುತ್ತಾಳೆ. ಹೊಲಿಗೆ ಮಷೀನಿನ ಮುಂದೆ, ತೊಡೆಯ ಮೇಲೆ ಯಾರದೋ ಪ್ಯಾಂಟು, ತುಟಿಗಳ ನಡುವೆ ಐದಾರು ಗುಂಡುಪಿನ್ನು. ಕಿಟಕಿಯ ಕಟ್ಟೆಯ ಮೇಲೆ ಫೋನು ಅದುರುತ್ತಿತ್ತು.

ತುಟಿಯಿಂದ ಪಿನ್ನುಗಳನ್ನು ತೆಗೆದಳು. "ಯಾರದೋ ನಂಬರು. ನಾಲ್ಕನೇ ಸಲ ಇದು. ಹೊಲಿಗೆ ಬಿಟ್ಟು ಯಾರು ಏಳ್ತಾರೆ..." ಆಗ ನನ್ನನ್ನು ಪೂರ್ತಿ ನೋಡಿದಳು. "ಕೈ ಏನೋ ಅದು?"

"ಫೋನು ಎತ್ತಬೇಡ ಅಕ್ಕ. ಅವನು ಹೇಳೋದನ್ನ ನಾನೇ ಹೇಳ್ತೀನಿ."

"ಮೊದಲು ನೀರಿನ ಕೆಳಗೆ ಹಿಡಿ."

"ಆಮೇಲೆ."

ಕಾರ್ಡನ್ನು ಮಷೀನಿನ ಹಲಗೆಯ ಮೇಲೆ ಇಟ್ಟೆ. ಏನೆಂದು ಹೇಳಬೇಕಾಗಲಿಲ್ಲ. ಅವಳ ಬೆರಳು ಅದರ ಅಂಚಿನ ಮಸಿಯವರೆಗೆ ಹೋಗಿ ನಿಂತಿತು.

ಎಲ್ಲವನ್ನೂ ಹೇಳಿದೆ. ಅಂಗಡಿ ತುಂಬ ಇದ್ದ ಜನ. ಮೂರು ನಿಮಿಷ. ಚಿಟ್. ಬಗ್ಗಲು ಹೋಗಿ ಬಗ್ಗದೆ ಉಳಿದದ್ದು. ತಲೆ ಆಡಿಸಿದ್ದು. ಒಂದನ್ನೂ ಮೆತ್ತಗೆ ಮಾಡಲಿಲ್ಲ.

ಫೋನು ಅದುರಿ ಅದುರಿ ಸುಮ್ಮನಾಯಿತು.

"ಅವರು ಆಗ ನಗ್ತಿದ್ರಾ?" ಅಕ್ಕ ಕೇಳಿದಳು.

"ಹೂಂ."

"ಅವರಿಗೆ ಗೊತ್ತಾಗ್ಲಿಲ್ವಾ, ನಿನ್ನ ಮುಖ ನೋಡಿ?"

"ಇಲ್ಲ. ಅವರು ನನ್ನ ತಲೆ ನೋಡ್ತಿದ್ರು."

ಅವಳು ತೊಡೆಯ ಮೇಲಿನ ಪ್ಯಾಂಟನ್ನು ಸರಿಮಾಡಿದಳು. ಮಡಿಕೆ ನೇರವಾಗಿಯೇ ಇತ್ತು. ಮತ್ತೆ ಸರಿಮಾಡಿದಳು. ಅಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ನನ್ನ ಎದೆಯಲ್ಲಿ ಅದು ಶುರುವಾಯಿತು. ಕುಂಯ್...

"ಅಕ್ಕ, ಏನಾದ್ರೂ ಅನ್ನು. ಹದಿನಾಲ್ಕು ತಿಂಗಳಿಂದ ಈ ದನಿ ನನ್ನ ಬಿಟ್ಟಿಲ್ಲ. ಚಿಕ್ಕಂದಿನಲ್ಲಿ ಲೋಟ ಒಡೆದ್ರೆ ಬೀದಿಗೆಲ್ಲ ಕೇಳೋ ಹಾಗೆ ಬೈತಿದ್ದೆಯಲ್ಲ. ಹಾಗೆ ಬೈದುಬಿಡು. ನಿನ್ನ ದನಿ ಇದರ ಮೇಲೆ ಕೂತ್ರೆ ಇದು ಅಡಗುತ್ತೆ. ಪಾಪಿ ಅನ್ನು, ಕೊಲೆಗಾರ ಅನ್ನು, ಬಾಯಿಗೆ ಬಂದದ್ದು ಅನ್ನು. ಬೈಯಕ್ಕ, ಕೈ ಮುಗೀತೀನಿ."

ಅಕ್ಕ ಪಿನ್ನುಗಳನ್ನು ಒಂದೊಂದಾಗಿ ಎತ್ತಿ ಮತ್ತೆ ತುಟಿಗಳ ನಡುವೆ ಸೇರಿಸಿದಳು. ಕೊನೆಯದೊಂದು ಕೈಯಲ್ಲಿ ಉಳಿಯಿತು.

"ಬೈಯಲ್ಲ," ಅಂದಳು.