ಪಿತ್ತನಾಳದ ಪೈಪಿಗೆ ಗ್ಯಾರಂಟಿ

"ಇಬ್ಬರದೂ ಒಂದೇ ಕಸುಬು ಅಳಿಯಂದಿರೇ, ಪೈಪಿನದು! ನಾನು ಗ್ಯಾರಂಟಿ ಕೊಡ್ತಿದ್ದೆ, ನೀವು ಕೊಡಲ್ಲ, ಅಷ್ಟೇ."

ಪೈಪಿನಂಗಡಿ ನಡೆಸಿ ನಿವೃತ್ತನಾದ ಮಾವ ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳುತ್ತಿದ್ದ. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಾಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಡಾಕ್ಟರ್ ಅಳಿಯ ಮಾತ್ರ ಹಲ್ಲು ಕಡಿಯುತ್ತಿದ್ದ. ಪೈಪಿನವನಂತೆ! ಅದನ್ನೂ ಮಾವನ ಮನೆಯಲ್ಲೇ ಇದ್ದು, ಮಾವನ ಅನ್ನ ತಿನ್ನುತ್ತ ಕೇಳಬೇಕು.

ದೇವರು ದೊಡ್ಡವನು. ಮಾವನ ಪಿತ್ತನಾಳದಲ್ಲೇ ಕಲ್ಲು ಸಿಕ್ಕಿಕೊಂಡು ಕಣ್ಣು ಹಳದಿಯಾಯಿತು. ಅಳಿಯ ಮುತುವರ್ಜಿಯಿಂದ ತಾನೇ ಎಂಡೋಸ್ಕೋಪ್ ಹಿಡಿದ. ಕಲ್ಲು ದೊಡ್ಡದು ಎಂದು ಅದನ್ನು ಅಲ್ಲೇ ಬಿಟ್ಟು, ಪಿತ್ತ ಹರಿಯಲು ಪಕ್ಕದಲ್ಲಿ ಪ್ಲಾಸ್ಟಿಕ್ ಕೊಳವೆ ಕೂರಿಸಿದ. ಅದನ್ನು ಮೂರು ತಿಂಗಳೊಳಗೆ ತೆಗೆಯಬೇಕು. ಇಲ್ಲದಿದ್ದರೆ ಕಟ್ಟಿಕೊಂಡು, ಕೀವಾಗಿ, ನಂಜೇರಿ, ಕತೆ ಮುಗಿಯುತ್ತದೆ. ವಿಷ ಬೇಡ, ಚಾಕು ಬೇಡ, ಸುಮ್ಮನಿದ್ದರೆ ಸಾಕು. ಯಾರಾದರೂ ಕೇಳಿದರೆ, "ತೆಗೆಸ್ಕೊಳ್ಳಿ ಅಂತ ಬಡ್ಕೊಂಡೆ, ಕೇಳಲಿಲ್ಲ" ಎಂದು ಅತ್ತರಾಯಿತು. ಕೊಲೆಯಲ್ಲೂ ಇಷ್ಟು ಸೋಮಾರಿತನಕ್ಕೆ ಅವಕಾಶವಿದೆಯೆಂದು ಅವನಿಗೆ ಹೆಮ್ಮೆಯೇ ಆಯಿತು.

"ಇದು ಸಾಯೋ ತನಕ ಇರತ್ತೆ ಮಾವ, ತೆಗೆಯೋ ಮಾತೇ ಇಲ್ಲ," ಎಂದ. ಸುಳ್ಳೇನೂ ಅಲ್ಲವಲ್ಲ!

"ಭೇಷ್! ಅದರ ಖಾಲಿ ಪೊಟ್ಟಣ ಇದ್ರೆ ಕೊಡಿ, ನೋಡ್ತೀನಿ. ಹಳೇ ಚಟ."

ಮಗುವಿಗೆ ಗಿಲಕಿ ಕೊಟ್ಟಂತೆ ಅಳಿಯ ನಗುತ್ತ ಕೊಟ್ಟ.

ಗಡುವು ಮೀರಿತು. ಅಳಿಯ ಬೇಕೆಂದೇ ಪರವೂರಿನ ವೈದ್ಯ ಸಮ್ಮೇಳನಕ್ಕೆ ಹೋಗಿ ಕೂತ. ಕಾದಿದ್ದ ಫೋನ್ ಬಂತು.

"ಅಳಿಯಂದಿರೇ, ಚಳಿಜ್ವರ. ಕಣ್ಣು ಮತ್ತೆ ಹಳದಿ. ಆ ಕೊಳವೆ ಏನಾದ್ರೂ ಕಟ್ಕೊಂಡಿದ್ಯಾ?"

"ಛೇ ಛೇ! ಉಷ್ಣ ಆಗಿರತ್ತೆ. ಮಾತ್ರೆ ನುಂಗಿ ಮಲಗಿ. ಆಸ್ಪತ್ರೆಗೆಲ್ಲ ಹೋಗ್ಬೇಡಿ."

ಮರುದಿನ, ದಾರಿಯುದ್ದಕ್ಕೂ ಕಾರಿನ ಕನ್ನಡಿಯಲ್ಲಿ ಅಳುಮೋರೆ ಅಭ್ಯಾಸ ಮಾಡುತ್ತ ಮನೆಗೆ ಬಂದ. ಬಾಗಿಲು ತೆರೆದವನು ಮಾವನೇ. ಕಣ್ಣು ಹಾಲಿನಷ್ಟು ಬಿಳುಪಾಗಿತ್ತು. ಹಿಂದೆ ಹೆಂಡತಿ ಕೈಕಟ್ಟಿ ನಿಂತಿದ್ದಳು. ಸೋಫಾದ ಮೇಲೆ ಪೊಲೀಸ್ ಅಧಿಕಾರಿ ಕೂತಿದ್ದ.

"ಬನ್ನಿ, ಬನ್ನಿ. ಜ್ವರ ಗಿರ ಏನಿಲ್ಲ, ನೀವೇನು ಹೇಳ್ತೀರೋ ಅಂತ ಕೇಳ್ದೆ. ಫೋನ್ ಸ್ಪೀಕರಲ್ಲಿತ್ತು, ಈ ಸಾಹೇಬರೂ ಕೇಳಿದ್ರು," ಎಂದು ಮಾವ ಮೇಜಿನತ್ತ ಕೈ ತೋರಿಸಿದ. ಖಾಲಿ ಪೊಟ್ಟಣದ ಪಕ್ಕದಲ್ಲಿ ಅದೇ ಕೊಳವೆ, ಜೊತೆಗೆ ಆ ಕಲ್ಲು. "ಎರಡನ್ನೂ ಬೇರೆ ಆಸ್ಪತ್ರೇಲಿ ತೆಗೆಸಿ ತಿಂಗಳಾಯ್ತು. ಪೈಪಿನವನಲ್ವೇ ನಾನು? ಕೂರಿಸಿದವನ ಮಾತು ಯಾವತ್ತೂ ನಂಬಿದವನಲ್ಲ. ಮನೆಗೆ ಬಂದ ದಿನಾನೇ ಪೊಟ್ಟಣ ನೋಡಿ, ತಯಾರಿಸಿದ ಕಂಪನಿಗೇ ಫೋನ್ ಮಾಡಿ ಗ್ಯಾರಂಟಿ ಎಷ್ಟು ಅಂತ ಕೇಳಿದ್ದೆ."