ಕೈಗುಣ

ಸಂತೆಯ ದಿನ ಬಂತೆಂದರೆ ನಾಗರತ್ನಾ ಕನ್ನಡಿಯ ಮುಂದೆ ಐದು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. ಕುಲಗೋಡದ ಬಸ್ಸು ಹತ್ತೂವರೆಗೆ ಗೋಕಾಕ ಮುಟ್ಟುತ್ತಿತ್ತು. ಹತ್ತು ನಲವತ್ತಕ್ಕೆಲ್ಲ ಅವಳು ಕೆಲಸ ಮಾಡುವ ಮೆಡಿಕಲ್ ಶಾಪಿನ ಕೌಂಟರಿಗೆ ಸಿದ್ರಾಯ ಮೊಣಕೈ ಊರಿ ನಿಂತಿರುತ್ತಿದ್ದ. ಬಿ.ಎ. ಮುಗಿಸಿ, ನೌಕರಿ ಒಲ್ಲೆನೆಂದು ಅಪ್ಪನ ಎಂಬತ್ತು ಕುರಿಗಳ ಹಿಂದೆ ಹೊರಟವನು. ಬಿಸಿಲಿಗೆ ಕಂದಿದ ಮುಖ, ನಕ್ಕಾಗ ಮಾತ್ರ ಎಡಗೆನ್ನೆಯಲ್ಲೊಂದು ಕುಳಿ.

"ಎದಿ ಉರಿಯಾಕತ್ತೈತ್ರಿ ಮೇಡಂ."

"ಎದಿನೋ, ಹೊಟ್ಟಿನೋ? ಸರಿಯಾಗಿ ಹೇಳ್ರಿ."

"ಊರಾಗ ಇದ್ದಾಗ ಹೊಟ್ಟಿ. ಇಲ್ಲಿ ಬಂದ ನಿಂತ ಮ್ಯಾಲ ಎದಿ."

ಅಂಗಡಿಯ ಮಾಲೀಕ ಶೆಟ್ಟೆಪ್ಪ ಕಾಕಾ ಪೇಪರಿನ ಹಿಂದೆ ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು. ನಾಗರತ್ನಾ ನಗು ನುಂಗಿಕೊಂಡು ಗ್ಯಾಸಿನ ಗುಳಿಗೆಯ ಪಟ್ಟಿಯನ್ನು ಕತ್ತರಿಸುತ್ತಿದ್ದಳು. ವಾರಕ್ಕೆ ಏಳೇ ಗುಳಿಗೆ. ಹದಿನೈದು ಕೊಟ್ಟುಬಿಟ್ಟರೆ ಮುಂದಿನ ಸಂತೆಗೆ ಅವನು ಬರುವುದಿಲ್ಲವಲ್ಲ!

ಹೀಗೆ ಎಂಟು ತಿಂಗಳು. ಹೊಟ್ಟೆನೋವು ಬರೀ ನೆಪ, ತನ್ನನ್ನು ನೋಡಲಿಕ್ಕೆ ಬರುತ್ತಾನೆ ಎಂದು ಅವಳು ಒಳಗೊಳಗೇ ಹಿಗ್ಗಿದಳು. ಒಮ್ಮೆ ಕರದಂಟು ಕೊಟ್ಟಳು. ಅರ್ಧ ತುಂಡು ತಿಂದು, "ಸಾಕ್ರಿ, ಹೊಟ್ಟಿ ತುಂಬಿತು" ಎಂದ. ಅವನ ಅಂಗಿ ಹೆಗಲಿನಿಂದ ಜಾರುತ್ತಿತ್ತು. "ಏನ್ರಿ, ಸೊರಗಾಕತ್ತೀರಿ?" ಎಂದಳು. "ನಿಮ್ಮ ಧ್ಯಾಸದಾಗ" ಎಂದ. ಅವಳಿಗೆ ಕಿವಿಯವರೆಗೆ ಕೆಂಪೇರಿತು. ಇಂಥ ಮಾತಿಗೆ ಯಾವ ಹುಡುಗಿ ತಾನೇ ತೂಕದ ಲೆಕ್ಕ ಕೇಳುತ್ತಾಳೆ?

ಆದರೆ ನಾಗರತ್ನಾ ಬರೀ ಹುಡುಗಿಯಲ್ಲ, ಡಿ.ಫಾರ್ಮಾ ಓದಿದವಳು. ಎದೆಯುರಿ ಎರಡು ವಾರಕ್ಕೆ ನಿಲ್ಲದಿದ್ದರೆ, ತೂಕ ಇಳಿದರೆ, ಎರಡು ತುತ್ತಿಗೆ ಹೊಟ್ಟೆ ತುಂಬಿದರೆ ಡಾಕ್ಟರ ಬಳಿ ಕಳಿಸಬೇಕೆಂದು ಅವಳಿಗೆ ಬಾಯಿಪಾಠ ಬರುತ್ತಿತ್ತು. ಅದೇ ಗುಳಿಗೆ ಮೂರನೆಯ ಸಲ ಕೇಳಲು ಬಂದ ಅಕ್ಕವ್ವನೆಂಬ ಮುದುಕಿಯನ್ನು ಗದರಿಸಿ ದವಾಖಾನೆಗೆ ಅಟ್ಟಿದ್ದಳು. ಸಿದ್ರಾಯನೊಬ್ಬನಿಗೆ ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ.

ಒಂದು ಸಂತೆಗೆ ಅವನು ಬರಲಿಲ್ಲ. ಮುಂದಿನ ಸಂತೆಗೆ ಅವನ ತಾಯಿ ಲಗಮವ್ವ ಬಂದಳು, ಕೈಯಲ್ಲಿ ಬೆಳಗಾವಿಯ ಆಸ್ಪತ್ರೆಯ ಫೈಲು.

"ರಕ್ತ ಕಾರಿಕೊಂಡ ಬಿದ್ದನವ್ವಾ. ಬಾಯಾಗಿಂದ ಕ್ಯಾಮೆರಾ ಇಳಿಸಿ ನೋಡ್ಯಾರ. ಚೂರ ಮಾಂಸ ತಗದ ಟೆಸ್ಟಿಗೆ ಕಳಿಸಿದ್ರು. ಹೊಟ್ಟ್ಯಾಗ ಕ್ಯಾನ್ಸರ್ ಗಂಟ ಐತಂತ."

ನಾಗರತ್ನಾ ಫೈಲಿಗೆ ಕೈ ಚಾಚಿದಳು. ಲಗಮವ್ವ ಅವಳ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಕೈಗುಣ ಚಲೋ ಐತಿ ಮಗಳ. ನೀ ಕೊಟ್ಟ ಗುಳಗಿಯಿಂದನ ಇಷ್ಟ ದಿನ ತ್ರಾಸ ತಡಕೊಂಡೆ ಅಂತಾನ ನನ್ನ ಮಗ."

ಬೈದಿದ್ದರೆ ಸಹಿಸಬಹುದಿತ್ತು. ಅದೇ ಗುಳಿಗೆ ನೋವನ್ನು ತಣ್ಣಗಿಟ್ಟು, ಒಳಗಿನ ಗಂಟಿಗೆ ಬೆಳೆಯಲು ಪುರಸೊತ್ತು ಕೊಟ್ಟಿರಬಹುದೆಂದು ಆ ತಾಯಿಗೆ ಹೇಗೆ ಹೇಳುವುದು? ಫೈಲು ತಿರುವಿದಳು. ಸ್ಕ್ಯಾನಿನಲ್ಲಿ ಲಿವರಿಗೆ ಹಬ್ಬಿರಲಿಲ್ಲ, ಅಷ್ಟು ಪುಣ್ಯ. ಗಂಟು ಕುಗ್ಗಿಸಲು ಹದಿನೈದು ದಿನಕ್ಕೊಮ್ಮೆ ನಾಲ್ಕು ಕೀಮೋ, ಆಮೇಲೆ ಆಪರೇಶನ್, ಮತ್ತೆ ನಾಲ್ಕು ಕೀಮೋ.

ಆ ದಿನಗಳಲ್ಲಿ ಅವನ ಫೋನು ಬಂದರೆ ಅವಳು ವಾಂತಿಗೆ ಯಾವ ಗುಳಿಗೆ, ಜ್ವರ ಬಂದರೆ ಒಡನೆ ಆಸ್ಪತ್ರೆಗೆ ಹೋಗಬೇಕು ಎಂದಷ್ಟೇ ಹೇಳಿ ಇಡುತ್ತಿದ್ದಳು. ಹೇಳಬೇಕಾದದ್ದನ್ನು ಮುಂದಿನ ಫೋನಿಗೆ ತಳ್ಳುತ್ತಿದ್ದಳು.

ನಾಲ್ಕೂ ಕೀಮೋ ಮುಗಿದು ಮೂರು ವಾರಕ್ಕೆ ಸಿದ್ರಾಯ ತಾನೇ ಅಂಗಡಿಗೆ ಬಂದ. ಬೋಳಾದ ತಲೆಗೆ ಟೊಪ್ಪಿಗೆ. ಶೆಟ್ಟೆಪ್ಪ ಕಾಕಾ ಚಹಾದ ನೆಪ ಹೇಳಿ ಎದ್ದುಹೋದರು.

"ಸೋಮವಾರ ಆಪರೇಶನ್ ಐತ್ರಿ. ಹೊಟ್ಟಿ ಪೂರ್ತಿ ತಗದು, ಅನ್ನದ ನಳಗಿ ತಂದ ಕರಳಿಗೆ ಜೋಡಸ್ತಾರಂತ. ಹೊಟ್ಟಿ ಇಲ್ಲದಂವ ಬದಕತಾನೇನ್ರಿ?"

"ಬದಕತಾರ. ಸ್ವಲ್ಪ ಸ್ವಲ್ಪ, ದಿನಕ್ಕ ಆರ ಸಲ ಉಣಬೇಕ. ಬಿ-ಟ್ವೆಲ್ವ್ ಇಂಜೆಕ್ಷನ್ ಕಡೀತನಕ ತಗೋಬೇಕ."

"ಆರ ಸಲ ಯಾರ ಬಡಸೋರು?" ಅವನು ಕಣ್ಣು ಕಿರಿದು ಮಾಡಿ ನಕ್ಕ. "ಅವ್ವನ್ನ ಮೇಲವಂಕಿಗೆ ನಿಮ್ಮ ಮನಿಗೆ ಕಳಸ್ಲೇನ್ರಿ, ಹೆಣ್ಣ ಕೇಳಾಕ?"

ಈ ಮಾತಿಗಾಗಿಯೇ ಅಷ್ಟು ಸಂತೆ ಕಾದಿದ್ದಳು. ಈಗ ಕೇಳಿ, ಬೇಡವೆಂದು ತಲೆಯಾಡಿಸಿದಳು.

"ಕಳಸಬ್ಯಾಡ್ರಿ. ಮೊದಲ ನನ್ನ ಮಾತ ಕೇಳ್ರಿ. ನೀವ ಸೊರಗೂದು ನೋಡೇನಿ. ತಿಂದದ್ದ ಹೋಗೂದಿಲ್ಲ ಅನ್ನೂದೂ ನೋಡೇನಿ. ಡಾಕ್ಟರ ಕಡೆ ಹೋಗ್ರಿ ಅನಬೇಕಿತ್ತು. ಅಂದ್ರ ಕಾಯಂ ಗುಳಗಿ ಬರಕೊಡತಾರ, ನೀವ ವಾರಾ ಬರೂದ ನಿಲ್ಲತೈತಿ ಅಂತ ಸುಮ್ಮನಾದೆ."

ಅವನ ನಗು ಆರಿತು. "ಗೊತ್ತಿತ್ತಾ ನಿಮಗ?"

"ಅನುಮಾನ ಬಂದಿತ್ತು. ಒತ್ತಿ ಇಟ್ಟೆ."

"ಆವಾಗ ತೋರಿಸಿದ್ರ ಹೊಟ್ಟಿ ಉಳೀತಿತ್ತೇನ್ರಿ?"

"ಅರ್ಧಾರ ಉಳೀತಿತ್ತೇನೋ. ಡಾಕ್ಟರಿಗೂ ಹೇಳಾಕ ಆಗೂದಿಲ್ಲ. ನನಗಂತೂ ಉಳೀತಿತ್ತು ಅಂತನ ಅನಸ್ತೈತಿ."

ಅವನು ಟೊಪ್ಪಿಗೆಯನ್ನು ಹಣೆಗೆ ಎಳೆದುಕೊಂಡ. "ಒಂದ ಕುರಿ ಮೇವ ಬಿಟ್ರ ನಾ ಹರದಾರಿ ದೂರದಿಂದ ಗುರತ ಹಿಡಿತೇನ್ರಿ. ನೀವ ಇಷ್ಟ ಹತ್ತರ ನಿಂತಿದ್ರಿ" ಎಂದು ಕೌಂಟರಿನಿಂದ ಕೈ ತೆಗೆದು ಹೊರಟುಹೋದ.

ಆಪರೇಶನ್ ಚೆನ್ನಾಗಿ ಆಯಿತೆಂದು ಶೆಟ್ಟೆಪ್ಪ ಕಾಕಾರಿಂದ ತಿಳಿಯಿತು. ಹತ್ತು ದಿನ ಅವನ ಫೋನಿಲ್ಲ. ಅವಳಿಗೆ ಅನ್ನ ಸೇರಲಿಲ್ಲ, ಸೇರದಿರುವುದೇ ನ್ಯಾಯವೆನಿಸಿತು. ಹನ್ನೊಂದನೆಯ ದಿನ ಫೋನು ಬಂತು. ದನಿ ಬಾವಿಯ ಒಳಗಿನಿಂದ ಬಂದಂತಿತ್ತು.

"ಎರಡ ಚಮಚಾ ಗಂಜಿ ಹೋತ್ರಿ. ಸಿಟ್ಟ ಮಾತ್ರ ಹೋಗವಲ್ದು. ಒಬ್ಬಾಂವ ಮಲಕೊಂಡ ಎಷ್ಟಂತ ಸಿಟ್ಟ ಮಾಡ್ಲಿ? ಬರ್ರಿ ಇಲ್ಲೆ. ಎದುರಿಗೆ ಕುಂದರಿಸಿ ಬೈಬೇಕ."

ಮೊದಲ ಬಸ್ಸಿಗೇ ಹೊರಟಳು. ವಾರ್ಡಿನ ಬಾಗಿಲಲ್ಲಿ ಲಗಮವ್ವ ಇದ್ದಳು. ಮಗ ಎಲ್ಲ ಹೇಳಿದ್ದಾನೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬೈರಿ," ಎಂದು ನಾಗರತ್ನಾ ಮಂಚದ ಬಾಜೂ ಕುಳಿತಳು.

"ಆಪರೇಶನ್ ಮುಂಚೆ ಎಲ್ಲಾ ನಿಮ್ಮ ತಲಿ ಮ್ಯಾಲ ಹಾಕಿ ಬಂದೆ. ಸಂಡಾಸ ಕರ್ರಗ ಆಗತಿತ್ತು, ನಾನೂ ಮುಚ್ಚಿಟ್ಟಿದ್ದೆ. ಹೇಳಿದ್ರ ನೀವ ದವಾಖಾನಿಗೆ ಓಡಸ್ತೀರಿ ಅಂತ."

"ನನ್ನ ತಪ್ಪಿನಾಗ ಪಾಲ ಕೇಳಬ್ಯಾಡ್ರಿ. ಓದಿದಾಕಿ ನಾನು."

"ಅದಕ್ಕ ಬೈತೇನಿ. ಆದ್ರ ಇವತ್ತ ಶಕ್ತಿ ಇಲ್ಲ."

"ನಾಳೆ ಬರ್ತೇನಿ. ಎಷ್ಟ ದಿನ ಬೈತೀರಿ?"

ಅವನು ಸಲೈನ್ ಹಚ್ಚದ ಕೈಯನ್ನು ಅವಳ ಕಡೆ ಸರಿಸಿದ. "ಐದ ವರ್ಷ ಚೆಕಪ್ಪಿಗೆ ಬರಬೇಕಂತ ಡಾಕ್ಟರ ಹೇಳ್ಯಾರ. ಅಲ್ಲೀತನಕ ಅಂತೂ ಬೈಬೇಕ."

ಅವಳು ಆ ಕೈ ಹಿಡಿದು ಗಳಗಳ ಅತ್ತಳು. "ಐದ ವರ್ಷ ಆದ ಮ್ಯಾಲ?"

"ಆವಾಗ ನೀ ಬೈಯಾಕ ಸುರು ಮಾಡು, ನಾಗರತ್ನಾ."