ಎರಡನೇ ಚರಗ

"ಚರಗ ಮುಂಜಾನೇನೇ ಚೆಲ್ಲಿ ಆಗ್ಯಾದಲ್ರಿ. ಮತ್ತ ನೀವೇನು ಚೆಲ್ಲಾಕತ್ತೀರಿ?"

ಬೆನ್ನ ಹಿಂದಿನ ದನಿಗೆ ಗುರುಶಾಂತ ಬೆಚ್ಚಿದ. ತಾಟಿನಲ್ಲಿದ್ದ ಭಜ್ಜಿಯಲ್ಲಿ ಅರ್ಧ ಆಗಲೇ ಜೋಳದ ಸಾಲಿಗೆ ಬಿದ್ದಿತ್ತು.

ಅಂದು ಎಳ್ಳಮಾವಾಸ್ಯೆ. ಭೂತಾಯಿಗೆ ಚರಗದ ಅನ್ನ ಚೆಲ್ಲಿ, ಬಂದವರಿಗೆಲ್ಲ ಉಣಿಸುವ ದಿನ. ಬಸವಕಲ್ಯಾಣದಿಂದ ಮೋರಖಂಡಿಯ ತಮ್ಮ ಹೊಲಕ್ಕೆ ಬಂದಿದ್ದ ಸ್ನೇಹಲ್, ತಾನು ಮದುವೆಯಾಗಲಿರುವ ಹುಡುಗನೊಂದಿಗೆ ಒಬ್ಬಳೇ ನಿಂತು ಮಾತಾಡಿದ್ದು ಅದೇ ಮೊದಲು. ಅವನು ಹುಮನಾಬಾದಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಭಾವೀ ಅಳಿಯನೆಂದು ಅವಳ ಅವ್ವ ಸೂಗಮ್ಮ, ಕಾಳು, ಸೊಪ್ಪು, ಹುಣಸೆಹಣ್ಣು ಕೂಡಿಸಿ ಕುದಿಸಿದ ಭಜ್ಜಿಯನ್ನು ತಾನೇ ಸುರಿದು ಬಡಿಸಿದ್ದಳು.

"ಭೂತಾಯಿಗೆ... ಒಂದೀಟು ಜಾಸ್ತಿ ಇರಲಿ ಅಂತ," ಎಂದ.

"ಭೂತಾಯಿ ಹೊಟ್ಟಿ ತುಂಬ್ಯಾದ. ನಿಮ್ಮದು?"

"ನಂದೂ ತುಂಬ್ಯಾದ್ರಿ."

ತುತ್ತು ಮುಟ್ಟದೆ ಹೊಟ್ಟೆ ತುಂಬುವುದು ಗೋಡೆಯ ಮೇಲೆ ಫೋಟೋ ಆದ ಹಿರಿಯರಿಗೆ ಮಾತ್ರ ಸಾಧ್ಯ ಎಂದುಕೊಂಡಳು ಸ್ನೇಹಲ್.

ಅವನು ಕೈ ತೊಳೆಯಲು ಹೋದ. ಕಂಬಳಿಯ ಮೇಲೆ ಅವನು ಬಿಟ್ಟುಹೋದ ಮೊಬೈಲ್ ಗುಂಯ್ ಎಂದಿತು. ನೋಡಬಾರದಿತ್ತು... ನೋಡಿದಳು.

ಉಮಾ: 'ಅಲ್ಲಿ ಏನೂ ಉಣಬ್ಯಾಡ. ನಿನಗಂತನೇ ಮಾಡಿ ಇಟ್ಟೀನಿ. ಆಕಿಗಿನ್ನೂ ಹೇಳಿಲ್ಲೇನು?'

ಯಾರೀ ಉಮಾ? ಅದೂ 'ನಿನಗಂತನೇ'! ತಾನು ಇನ್ನೂ 'ರಿ' ದಾಟಿಲ್ಲ, ಈಕಿ ಆಗಲೇ ಏಕವಚನಕ್ಕೆ ಇಳಿದಿದ್ದಾಳೆ.

ಆಮೇಲೆ ಅವನು ಮನೆಗೆ ಬಂದಾಗಲೆಲ್ಲ ಸ್ನೇಹಲ್ ಕಣ್ಣಿಟ್ಟು ನೋಡಿದಳು. ಎಳನೀರು ಬೇಡ. ಉಪ್ಪಿನಕಾಯಿ ಬೇಡ. ಟೊಮ್ಯಾಟೊ ಚಟ್ನಿ ತಾಟಿನಂಚಿಗೆ ಸರಿದು ಅಲ್ಲೇ ಒಣಗಿತು.

"'ಹೊಟ್ಟಿ ತುಂಬ್ಯಾದ್ರಿ,'" ಎಂದು ಅವನ ಹಾಗೇ ಕತ್ತು ವಾಲಿಸಿ, ಅವನದೇ ದನಿ ತೆಗೆದು ಅವ್ವನಿಗೆ ತೋರಿಸಿದಳು.

ಸೂಗಮ್ಮ ನಕ್ಕಳು. "ನಾಚತಾನ ಬಿಡು ಪಾಪ."

'ನಾಚಿಕೆಯೋ, ನಾಟಕವೋ...' ಮರುದಿನವೇ ಅವಳು ಹುಮನಾಬಾದಿನ ಬಸ್ ಹತ್ತಿದಳು.

ಅವನ ಅಂಗಡಿಯ ಹಿಂದೆಯೇ ಒಂದು ಖಾನಾವಳಿ. ಒಳಗೆ ಗುರುಶಾಂತ ಗಬಗಬ ಉಣ್ಣುತ್ತಿದ್ದ. ಅಡುಗೆಮನೆಯಿಂದ ಹೆಣ್ಣುದನಿ ಬಂತು. "ಇನ್ನೊಂದೀಟು ಹಾಕಲೇನೋ, ರಾಜಾ?"

ಸ್ನೇಹಲ್‌ಗೆ ತಡೆಯಲಾಗಲಿಲ್ಲ. "ಇಲ್ಲಿ ಹೊಟ್ಟಿ ತುಂಬಂಗಿಲ್ಲೇನ್ರಿ?"

ಅವನ ಕೈ ಬಾಯಿಯ ಹತ್ತಿರವೇ ನಿಂತಿತು. ಸೌಟು ಹಿಡಿದು ಹೊರಬಂದ ಖಾನಾವಳಿಯ ಒಡತಿ ಉಮಾದೇವಿಯ ತಲೆ ಪೂರಾ ಬೆಳ್ಳಗಾಗಿತ್ತು.

"ಈಕೀನೇ ಏನೋ ನಿನ್ನ ಸ್ನೇಹಲ್?"

ಸಿಟ್ಟು ಅರ್ಧಕ್ಕೆ ನಿಂತು ಎತ್ತ ಹೋಗಬೇಕೆಂದು ತಿಳಿಯದಾಯಿತು. ಆದರೂ ಬಿಡಲಿಲ್ಲ. "ನಮ್ಮವ್ವನ ಕೈಯಾಗ ಇಲ್ಲದ್ದು ಇಲ್ಲಿ ಏನದ ನೋಡೇ ಬಿಡ್ತೀನಿ," ಎಂದು ಅವನ ತಾಟಿನಿಂದ ಪಲ್ಯ ಚಿವುಟಿ ಬಾಯಿಗಿಟ್ಟಳು.

"ಇದಕ್ಕ ಉಪ್ಪೇ ಇಲ್ಲ?"

"ನನ್ನ ಗಂಡಗೂ ಹಿಂಗೇ ಮಾಡ್ತಿದ್ದೆ," ಎಂದಳು ಉಮಾದೇವಿ. "ಹೆಚ್ಚಿ, ಕುದಿಸಿ, ಆ ನೀರು ಚೆಲ್ಲಿ. ಹೇಳೋ ಗುರ್ಯಾ, ಇನ್ನೂ ಎಷ್ಟು ಮಂದಿ ಹೊಲಕ್ಕ ಉಣಿಸ್ತಿ?"

ಅವನು ತಲೆ ತಗ್ಗಿಸಿದ. "ನನ್ನ ಕಿಡ್ನಿ ಅರ್ಧಮರ್ಧ ಕೆಲಸ ಮಾಡಾಕತ್ಯಾವ್ರಿ. ನಿಶ್ಚಯ ಆದ ಮ್ಯಾಲ ಗೊತ್ತಾಯ್ತು. ರಕ್ತದಾಗ ಪೊಟ್ಯಾಶಿಯಂ ಏರ್ಯಾದಂತ. ಅದು ಜಾಸ್ತಿ ಇರೋ ಭಜ್ಜಿ, ಎಳನೀರು ಎಲ್ಲಾ ಬಂದ್. ಕುದಿಸಿ ನೀರು ಚೆಲ್ಲಿದ್ರ ಕಾಯಿಪಲ್ಯದಾಗಿಂದು ಇಳೀತದ. ಹಿಡಿತದಾಗ ಉಂಡ್ರ ಡಯಾಲಿಸಿಸ್ ದೂರ ಇಡಬಹುದು ಅಂದಾರ ಡಾಕ್ಟರ್. ಖಾತ್ರಿ ಮಾತ್ರ ಕೊಟ್ಟಿಲ್ಲ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಹೋಗಿಬಿಡ್ತೀರಿ ಅಂತ..."

"ಹೇಳಲಾರದ್ದಕ್ಕೇ ಈಗ ಹೊಂಟೀನಿ."

ಬಾಗಿಲ ತನಕ ನಡೆದಳು. ಕಣ್ಣು ತುಂಬಿತ್ತು. ಬಾಯಲ್ಲಿ ಆ ಸಪ್ಪೆ ಪಲ್ಯದ ರುಚಿ ಇನ್ನೂ ಇತ್ತು. ದಿನಾ ಇದನ್ನೇ ಗಬಗಬ ಉಣ್ಣುವವನಿಗೆ ಬದುಕುವ ಆಸೆ ಎಷ್ಟಿರಬೇಕು... ಯಾರ ಜೊತೆ? ತನ್ನ ಜೊತೆಗೇ ಅಲ್ಲವೇ?

ತಿರುಗದೆಯೇ ಹೇಳಿದಳು. "ನಾಳೆ ಬಸವಕಲ್ಯಾಣಕ್ಕ ಬರ್ರಿ. ಅಪ್ಪ-ಅವ್ವನ ಮುಂದ ನೀವೇ ಹೇಳ್ರಿ. ಆಮ್ಯಾಲ ನಾ ಹೇಳ್ತೀನಿ."

ಅವನು ಬಂದ, ಏನೂ ಮುಚ್ಚದೆ ಹೇಳಿದ. ಅಪ್ಪ ವೈಜನಾಥ ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಮುಂದ ಏನಾಗ್ತದೋ ಗೊತ್ತಿಲ್ಲ, ವಿಚಾರ ಮಾಡವಾ," ಎಂದರು.

"ಮಾಡೀನಿ ಅಪ್ಪಾ. ಸುಳ್ಳು ಹೇಳೋನು ಬ್ಯಾಡಾಗಿದ್ದ. ಇವರು ಬೇಕು."

ಮುಂದಿನ ಎಳ್ಳಮಾವಾಸ್ಯೆಗೆ ಅದೇ ಹೊಲಕ್ಕೆ ಅವರು ಗಂಡ ಹೆಂಡತಿಯಾಗಿ ಬಂದರು. ಸ್ನೇಹಲ್ ಒಂದು ತಾಟು ಭಜ್ಜಿಯನ್ನು ಅವನ ಕೈಗಿಟ್ಟಳು.

"ಹೋಗ್ರಿ, ನಿಮ್ಮ ಪಾಲಿಂದು ಭೂತಾಯಿಗೆ ಚೆಲ್ಲಿ ಬರ್ರಿ. ಈ ಸಲ ಎಲ್ಲಾರ ಮುಂದ."

ಚೆಲ್ಲಿ ಬಂದವನ ಎದುರು ಡಬ್ಬಿ ಬಿಚ್ಚಿದಳು. ಕುದಿಸಿ ನೀರು ಬಸಿದ ಸೋರೆಕಾಯಿ ಪಲ್ಯ, ಬೆಳ್ಳುಳ್ಳಿ ಜೀರಿಗೆಯ ಒಗ್ಗರಣೆ.

"ಖರೆ ಹೇಳ್ರಿ, ಹ್ಯಾಂಗದ?"

ಅವನು ಅಗಿದ, ನುಂಗಿದ, ಅವಳ ಮುಖ ನೋಡಿದ. "ಸಪ್ಪಗದ."

ಸ್ನೇಹಲ್ ಕಣ್ಣೊರೆಸಿಕೊಂಡು ನಕ್ಕಳು. "ಹೊಟ್ಟಿ ತುಂಬ್ತೇನ್ರಿ ಮತ್ತ?"

ಗುರುಶಾಂತ ತಾಟು ಮುಂದೆ ಚಾಚಿದ.

"ಎಲ್ಲಿ ತುಂಬ್ಯಾದ? ಇನ್ನೊಂದೀಟು ಹಾಕು."